ಅಳಿವೆಯಿಂದ ಗುಡ್ಡೆಗೆ: ಮಂಗಳೂರನ್ನು ನೋಡುವ ಒಂದು ಕ್ರಮ

ಮಾನ್ಯ ಅಧ್ಯಕ್ಷರೇ, ಊರಿನ ಹಿರಿಯರೇ, ಬರುವ ಪ್ರವಾಸಿಗರಿಗೆ ದಾರಿ ತೋರಿಸುವ ಕೆಲಸಕ್ಕೆ ಸಿದ್ಧರಾಗುತ್ತಿರುವ ತರುಣ ತರುಣಿಯರೇ,

ಮಂಗಳೂರಿಗೆ ಮೊದಲ ಸಲ ಬರುವ ನೆಂಟರು ರೈಲಿನಿಂದ ಇಳಿದು ಒಂದು ಲೋಟ ಕಾಫಿ ಕುಡಿದ ಮೇಲೆ ಕೇಳುವ ಪ್ರಶ್ನೆ, "ಇಲ್ಲಿ ನೋಡಲಿಕ್ಕೆ ಏನೇನುಂಟು?" ಎಂಬುದು. ಊರಿನವರಾದ ನಾವು ಈ ಪ್ರಶ್ನೆಗೆ ಸಾಮಾನ್ಯವಾಗಿ ಸ್ವಲ್ಪ ತಡವರಿಸುತ್ತೇವೆ. ಮೈಸೂರಿನವರಿಗೆ ಅರಮನೆ ಇದೆ, ವಿಜಯಪುರದವರಿಗೆ ಗೋಳಗುಮ್ಮಟವಿದೆ, ನೆರೆಯ ಉಡುಪಿಯವರಿಗೆ ಕೃಷ್ಣಮಠವೂ ರಥಬೀದಿಯೂ ಇವೆ. ಬೆರಳು ತೋರಿಸಿ "ಅಗೋ ಅದು" ಎಂದು ಹೇಳಿಬಿಡಬಹುದಾದ ಒಂದೇ ಒಂದು ಕಟ್ಟಡ ನಮ್ಮಲ್ಲಿಲ್ಲ. ಹಾಗಾಗಿ ನಾವು ಒಂದು ಪಟ್ಟಿಯನ್ನು ಒಪ್ಪಿಸುತ್ತೇವೆ: ಕದ್ರಿ, ಕುದ್ರೋಳಿ, ಮಂಗಳಾದೇವಿ, ಅಲೋಶಿಯಸ್ ಚಾಪೆಲ್, ಸುಲ್ತಾನ್ ಬತ್ತೇರಿ, ಪಣಂಬೂರು ಕಡಲತೀರ. ಬಾಡಿಗೆ ಕಾರು ಇವಿಷ್ಟನ್ನೂ ಒಂದು ಹಗಲಿನಲ್ಲಿ ಸುತ್ತಿಸಿ, ಸಂಜೆ ಗಡ್‌ಬಡ್ ಐಸ್‌ಕ್ರೀಂ ತಿನ್ನಿಸಿ, ನೆಂಟರನ್ನು ಮನೆಗೆ ತಂದು ಬಿಡುತ್ತದೆ. ನವಮಂಗಳೂರು ಬಂದರಿಗೆ ಪ್ರವಾಸಿ ಹಡಗುಗಳಲ್ಲಿ ಬಂದಿಳಿಯುವ ವಿದೇಶೀಯರಿಗಂತೂ ಸಿಗುವುದು ಕೆಲವೇ ಗಂಟೆಗಳು, ಅಷ್ಟರಲ್ಲಿ ಅವರೂ ಹೆಚ್ಚುಕಡಿಮೆ ಇದೇ ಪಟ್ಟಿಯ ಹಿಂದೆ ಓಡುತ್ತಾರೆ.

ಪಟ್ಟಿಯಲ್ಲಿ ತಪ್ಪಿಲ್ಲ, ಅದರಲ್ಲಿರುವ ಪ್ರತಿಯೊಂದು ಸ್ಥಳವೂ ನೋಡತಕ್ಕದ್ದೇ. ನನ್ನ ತಕರಾರು ಇರುವುದು ಕ್ರಮದ ಬಗ್ಗೆ. ಕಾರು ವಾಹನ ದಟ್ಟಣೆಯನ್ನು ನೋಡಿಕೊಂಡು ಹೋಗುತ್ತದೆಯೇ ಹೊರತು ಊರು ಬೆಳೆದ ಬಗೆಯನ್ನು ನೋಡಿಕೊಂಡು ಹೋಗುವುದಿಲ್ಲ. ಬಂದವರಿಗೆ ಒಂದು ದೇವಸ್ಥಾನ, ಒಂದು ಇಗರ್ಜಿ, ಒಂದು ಬುರುಜು ಬಿಡಿಬಿಡಿಯಾಗಿ ಕಂಡು, ಇವೆಲ್ಲ ಒಂದೇ ಊರಿನಲ್ಲಿ ಏಕೆ ಕೂಡಿಬಂದವು ಎಂಬುದು ತಿಳಿಯದೆ ಉಳಿಯುತ್ತದೆ. ಮಂಗಳೂರು ಯಾವುದೇ ಒಬ್ಬ ಅರಸ ನಕ್ಷೆ ಹಾಕಿಸಿ ಕಟ್ಟಿಸಿದ ನಗರವಲ್ಲ. ಅದು ನೀರಿನ ಅಂಚಿನಲ್ಲಿ ಹುಟ್ಟಿ, ದಿಣ್ಣೆ ಹತ್ತಿ, ಗುಡ್ಡೆಯ ನೆತ್ತಿಗೆ ಏರಿದ ಊರು. ಆದ್ದರಿಂದ ಅದನ್ನು ನೋಡುವವರೂ ಹೊಳೆ ಕಡಲು ಸೇರುವ ಅಳಿವೆಯಿಂದ ಹೊರಟು ಗುಡ್ಡೆಗೆ ಹತ್ತಬೇಕು ಎಂಬುದು ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಮೊದಲು ನೆಲದ ವಿಚಾರ. ದಕ್ಷಿಣದಿಂದ ನೇತ್ರಾವತಿಯೂ ಉತ್ತರದಿಂದ ಗುರುಪುರ ಹೊಳೆಯೂ ಬರುತ್ತವೆ; ಗುರುಪುರ ಹೊಳೆಗೆ ಫಲ್ಗುಣಿ ಎಂಬ ಹೆಸರೂ ಇದೆ. ಈ ಎರಡನೆಯ ಹೊಳೆ ನೇರವಾಗಿ ಕಡಲಿಗೆ ಬೀಳದೆ, ಮರಳಿನ ನೀಳ ಪಟ್ಟಿಯೊಂದರ ಹಿಂಬದಿಯಲ್ಲಿ ಕಡಲಿಗೆ ಸಮಾಂತರವಾಗಿ ಹರಿದುಬಂದು, ಬೆಂಗ್ರೆಯ ತುದಿಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುತ್ತದೆ. ಆ ಮರಳ ಪಟ್ಟಿಯೇ ದೋಣಿಗಳಿಗೆ ತೆರೆಯ ಹೊಡೆತದಿಂದ ರಕ್ಷಣೆ ಕೊಟ್ಟ ಗೋಡೆ. ತುಳುವರು ಊರನ್ನು ಕುಡ್ಲ ಎನ್ನುವುದು ಈ ಕೂಡಲಿನಿಂದಲೇ ಎಂದು ಹೇಳುವುದುಂಟು. ಕೊಂಕಣಿಯವರಿಗೆ ಇದು ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ, ಕನ್ನಡಿಗರಿಗೆ ಮಂಗಳೂರು. ಬೋಳಾರದ ಮಂಗಳಾದೇವಿಯಿಂದ ಮಂಗಳೂರು ಎಂಬ ಹೆಸರು ಬಂತೆಂಬುದು ಸ್ಥಳಪುರಾಣ. ಒಂದು ಊರಿಗೆ ನಾಲ್ಕು ಭಾಷೆಗಳಲ್ಲಿ ನಾಲ್ಕು ಬೇರೆ ಬೇರೆ ಹೆಸರುಗಳಿರುವುದನ್ನು ಪ್ರವಾಸಿಗರಿಗೆ ಮೊದಲೇ ಹೇಳಿಬಿಟ್ಟರೆ ಮುಂದೆ ಅರ್ಧ ವಿವರಣೆಯ ಶ್ರಮ ಉಳಿಯುತ್ತದೆ.

ಈಗ ಬೆಳಗಿನ 6 ಗಂಟೆಗೆ ಧಕ್ಕೆಗೆ, ಅಂದರೆ ಮೀನಿನ ಬೋಟುಗಳು ನಿಲ್ಲುವ ಕಟ್ಟೆಗೆ, ಬನ್ನಿ. ಇದನ್ನು ಯಾವ ಪ್ರವಾಸಿ ಕೈಪಿಡಿಯೂ ಮೊದಲ ಸ್ಥಾನದಲ್ಲಿ ಇಡುವುದಿಲ್ಲ, ನಾನು ಇಡುತ್ತೇನೆ. ರಾತ್ರಿಯಿಡೀ ಕಡಲಲ್ಲಿದ್ದ ಬೋಟುಗಳು ಸಾಲಾಗಿ ನಿಂತಿರುತ್ತವೆ, ಬಂಗುಡೆ, ಬೂತಾಯಿ, ಅಂಜಲ್‌ಗಳ ರಾಶಿ ಬುಟ್ಟಿಬುಟ್ಟಿಯಾಗಿ ಏಲಕ್ಕೆ ಇಳಿಯುತ್ತದೆ, ಏಲ ಕೂಗುವವರ ಬಾಯಲ್ಲಿ ತುಳು, ಬ್ಯಾರಿ, ಮಲಯಾಳಂ, ಕನ್ನಡ ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಇಲ್ಲಿ ದಡಕ್ಕೆ ಕಟ್ಟಿದ ಬೋಟುಗಳನ್ನಲ್ಲದೆ ಬೇರೇನನ್ನೂ ಕಾಣಲಾಗದು. ಪಕ್ಕದ ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿ ಎಂಬ ಸರಕುದೋಣಿಗಳನ್ನು ಇಂದಿಗೂ ನೋಡಬಹುದು. ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೀಗೆ ಆ ದ್ವೀಪಗಳಲ್ಲಿ ಸಿಗದ ಎಷ್ಟೋ ವಸ್ತುಗಳು ಇಲ್ಲಿಂದಲೇ ಹೋಗುತ್ತವೆ. ಪಣಂಬೂರಿನ ಹೊಸ ಬಂದರು 1970ರ ದಶಕದಲ್ಲಿ ತೆರೆದ ಮೇಲೆ ದೊಡ್ಡ ಹಡಗುಗಳೆಲ್ಲ ಅಲ್ಲಿಗೆ ಹೋದವು. ಸಣ್ಣ ವ್ಯಾಪಾರ ಮಾತ್ರ ಹಳೆಯ ಜಾಗವನ್ನು ಬಿಟ್ಟು ಕದಲಲಿಲ್ಲ.

ಈ ಧಕ್ಕೆಯ ಮೇಲೆ ನಿಂತುಕೊಂಡೇ ಪ್ರವಾಸಿಗರಿಗೆ ಹೇಳಬೇಕಾದ ಒಂದು ಕಥೆ ಇದೆ. ಇದು ನಿಜವಾಗಿ ನಡೆದದ್ದು, ಆದರೆ ತೋರಿಸಲಿಕ್ಕೆ ಒಂದು ಕಲ್ಲೂ ಉಳಿದಿಲ್ಲ. ಹನ್ನೆರಡನೆಯ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನೊಬ್ಬ ಈ ಊರಿನಲ್ಲಿ ನೆಲಸಿದ್ದ. ಈಗಿನ ಟ್ಯುನೀಸಿಯಾದ ಕಡಲತೀರದಲ್ಲಿ ಹುಟ್ಟಿ, ಏಡನ್ ಮೂಲಕ ಇಲ್ಲಿಗೆ ಬಂದವನು ಅವನು. ಇಲ್ಲಿ ಆಶು ಎಂಬ ಹೆಂಗಸನ್ನು ದಾಸ್ಯದಿಂದ ಬಿಡಿಸಿ ಮದುವೆಯಾದ, ಬೊಮ್ಮ ಎಂಬ ಆಳನ್ನು ವ್ಯಾಪಾರಕ್ಕಾಗಿ ಏಡನ್‌ವರೆಗೂ ಕಳುಹಿಸುತ್ತಿದ್ದ, ಕಾಳುಮೆಣಸು, ಅಡಿಕೆ, ಕಬ್ಬಿಣಗಳನ್ನು ಪಡುವಣಕ್ಕೆ ಸಾಗಿಸಿದ. ಅವನದೇ ಒಂದು ಕಂಚುಹಿತ್ತಾಳೆಯ ಕಾರ್ಖಾನೆಯೂ ಇಲ್ಲಿತ್ತು. ಏಡನ್‌ನ ಗೆಳೆಯರು ಒಡೆದ ಹಳೆಯ ಪಾತ್ರೆಗಳನ್ನೂ ತಾಮ್ರವನ್ನೂ ಹಡಗಿನಲ್ಲಿ ಕಳುಹಿಸಿದರೆ, ಮಂಗಳೂರಿನ ಕುಶಲಕರ್ಮಿಗಳು ಅದನ್ನು ಕರಗಿಸಿ ಹೊಸ ಪಾತ್ರೆ ಎರೆದು ಹಿಂದಕ್ಕೆ ಕಳುಹಿಸುತ್ತಿದ್ದರು. ಅವನಿಗೆ ಅಲ್ಲಿಂದ ಬರುತ್ತಿದ್ದ ಉಡುಗೊರೆಗಳಲ್ಲಿ ಬರೆಯುವ ಕಾಗದವೂ ಸೇರಿತ್ತು. ತಾಳೆಗರಿಯ ಈ ನಾಡಿನಲ್ಲಿ ಆಗ ಕಾಗದ ಸಿಗುತ್ತಿರಲಿಲ್ಲವಷ್ಟೆ! ಇದೆಲ್ಲ ಗೊತ್ತಾದದ್ದು ಈಜಿಪ್ಟಿನ ಕೈರೋ ನಗರದ ಹಳೆಯ ಸಿನಗಾಗಿನ (ಯಹೂದಿಗಳ ಪ್ರಾರ್ಥನಾಮಂದಿರದ) ಕಾಗದದ ಕೋಣೆಯಲ್ಲಿ ಅವನ ಪತ್ರಗಳು ಎಂಟು ಶತಮಾನ ಹಾಳಾಗದೆ ಉಳಿದದ್ದರಿಂದ. ನಮ್ಮ ಮಳೆಯಲ್ಲಿ ಅವು ಎಂಟು ವರ್ಷವೂ ಉಳಿಯುತ್ತಿರಲಿಲ್ಲ.

ಅವನ ತರುವಾಯ ಎರಡು ಶತಮಾನ ಕಳೆದು, 1342ರ ಸುಮಾರಿಗೆ ಇಲ್ಲಿಗೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಈ ಊರನ್ನು ಮಂಜರೂರ್ ಎಂದು ಕರೆದು, ಪರ್ಷಿಯಾ ಮತ್ತು ಯೆಮನ್‌ಗಳ ವರ್ತಕರು ಇಲ್ಲಿಳಿಯುತ್ತಾರೆಂದೂ ಮೆಣಸು ಮತ್ತು ಶುಂಠಿ ಹೇರಳವಾಗಿವೆಯೆಂದೂ ಸುಮಾರು 4,000 ಮುಸ್ಲಿಮರು ಇಲ್ಲಿ ವಾಸವಾಗಿದ್ದಾರೆಂದೂ ಬರೆದ. ಬಂದರಿನ ಇಕ್ಕಟ್ಟಿನ ಓಣಿಗಳಲ್ಲಿ ಮೆಣಸಿನ ಮೂಟೆಗಳ ಘಾಟಿಗೆ ಸೀನುತ್ತಾ, ಕೈಗಾಡಿಯವರಿಗೆ ದಾರಿ ಬಿಟ್ಟುಕೊಡುತ್ತಾ ನಡೆದರೆ ಝೀನತ್ ಬಕ್ಷ್ ಮಸೀದಿ ಸಿಗುತ್ತದೆ. ಸ್ಥಳೀಯರಿಗೆ ಅದು ಬೆಳಿಯ ಪಳ್ಳಿ. ಇಸ್ಲಾಂ ಪ್ರಚಾರಕ್ಕಾಗಿ ಬಂದರೆನ್ನುವ ಮಾಲಿಕ್ ದೀನಾರ್ ಮತ್ತು ಅವರ ಸಂಗಡಿಗರ ಕಾಲಕ್ಕೆ, ಕ್ರಿ.ಶ. 644ಕ್ಕೆ, ಇದರ ಸ್ಥಾಪನೆಯನ್ನು ಪರಂಪರೆ ಒಯ್ಯುತ್ತದೆ. ಅಷ್ಟು ಹಿಂದಿನ ಇಸವಿಯನ್ನು ಪ್ರವಾಸಿಗರಿಗೆ ಹೇಳುವಾಗ "ಪರಂಪರೆಯ ಪ್ರಕಾರ" ಎಂಬ ಎರಡು ಪದಗಳನ್ನು ದಯವಿಟ್ಟು ನುಂಗಬೇಡಿ. ಒಳಗಿನ ಮರದ ಕಂಬಗಳ ಕೆತ್ತನೆಯನ್ನು ನೋಡಿದವರು ನಮ್ಮ ಹಳೆಯ ಗುತ್ತುಮನೆಗಳ ಚಾವಡಿಯ ಕಂಬಗಳನ್ನು ನೆನಪಿಸಿಕೊಳ್ಳುತ್ತಾರೆ. ಬಡಗಿಗಳ ಉಳಿಗೆ ಮನೆಯೂ ಮಸೀದಿಯೂ ಒಂದೇ. ನಮಾಜಿನ ಹೊತ್ತನ್ನು ಬಿಟ್ಟು, ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು.

ಅಲ್ಲಿಂದ ಕಣ್ಣಳತೆಯಲ್ಲೇ ಎನ್ನಬಹುದಾದ ಸಮೀಪದಲ್ಲಿ ರೊಸಾರಿಯೊ ಇಗರ್ಜಿ ಇದೆ. 1568ರಲ್ಲಿ ಪೋರ್ಚುಗೀಸರು ಊರನ್ನು ಹಿಡಿದಾಗ ಕಟ್ಟಿದ ಮೊದಲ ಇಗರ್ಜಿಯ ಜಾಗ ಇದು, ಈಗಿನ ಕಟ್ಟಡ ಬಹಳ ಈಚಿನದು. ನೇತ್ರಾವತಿಯ ಆಚೆ ದಡದ ಉಳ್ಳಾಲದ ರಾಣಿ ಅಬ್ಬಕ್ಕ ಈ ಪೋರ್ಚುಗೀಸರಿಗೆ ಕಪ್ಪ ಕೊಡಲೊಪ್ಪದೆ ಹೋರಾಡಿದಳು ಎಂಬುದನ್ನು ಇಗರ್ಜಿಯ ಅಂಗಳದಲ್ಲಿ ನಿಂತೇ ಹೇಳಬಹುದು, ಏಕೆಂದರೆ ಆ ಜಗಳದ ಮೂಲವೂ ಮೆಣಸೇ. ರಥಬೀದಿಯಲ್ಲಿ ವೆಂಕಟರಮಣ ದೇವಸ್ಥಾನವಿದೆ, ರಥಸಪ್ತಮಿಗೆ ಕೊಡಿಯಾಲ್ ತೇರು ಎಳೆಯುವುದು ಇಲ್ಲಿಯೇ. ಉಳಿದ ದಿನಗಳಲ್ಲಿ ಹೂವಿನ ಅಂಗಡಿಗಳೇ ಇಲ್ಲಿಯ ಉತ್ಸವ. ನಮ್ಮ ಮಲ್ಲಿಗೆ ಮೊಳದಲ್ಲಿ ಮಾರಾಟವಾಗುವುದಿಲ್ಲ, ಚೆಂಡಿನಲ್ಲಿ ಮಾರಾಟವಾಗುತ್ತದೆ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬೆಂಗಳೂರಿನಿಂದ ಬಂದವರು "ಒಂದು ಮೊಳ ಕೊಡಿ" ಎಂದಾಗ ಹೂವಿನವರ ಮುಖದಲ್ಲಿ ಮೂಡುವ ನಗೆಯೂ ನೋಡತಕ್ಕ ದೃಶ್ಯಗಳಲ್ಲಿ ಒಂದು.

ಹಂಪನಕಟ್ಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಪ್ಪಣ್ಣ ಎಂಬವನು ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆ ಎಂದು ಹಿರಿಯರು ಹೇಳುತ್ತಾರೆ, ಈಗ ಅಲ್ಲಿ ನೀರು ಕೇಳಲು ರಸ್ತೆ ದಾಟುವ ಧೈರ್ಯ ಬೇಕು. ಸಮೀಪದ ಮಿಲಾಗ್ರಿಸ್ ಇಗರ್ಜಿಯ ಮುಂದೆ ಮಾತ್ರ ಒಂದು ಕ್ಷಣ ನಿಲ್ಲಬೇಕು. ಅದರ ಕಥೆಯನ್ನು ಸುಲ್ತಾನ್ ಬತ್ತೇರಿಯ ಜೊತೆಗೆ ಸೇರಿಸಿ ಆಮೇಲೆ ಹೇಳುತ್ತೇನೆ.

ಇಲ್ಲಿಂದ ಏರು ಶುರುವಾಗುತ್ತದೆ. ಬಾವುಟಗುಡ್ಡೆಗೆ ಆ ಹೆಸರು ಬರಲು ಕಾರಣ 1837ರ ಏಪ್ರಿಲ್ 5ರಂದು ಅಮರಸುಳ್ಯದ ರೈತರ ದಂಡು ಇಲ್ಲಿ ಹಾರಿಸಿದ ಬಾವುಟವೆಂದು ಹೇಳುತ್ತಾರೆ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರಕಾರ ಅಮರಸುಳ್ಯದ ಮಾಗಣೆಯನ್ನು ಕೆನರಾ ಜಿಲ್ಲೆಗೆ ಸೇರಿಸಿ, ಅಲ್ಲಿಯವರೆಗೆ ಫಸಲಿನ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ರೊಕ್ಕದಲ್ಲಿ ಕೇಳತೊಡಗಿದ್ದೇ ದಂಗೆಯ ಕಾರಣಗಳಲ್ಲಿ ಮುಖ್ಯವಾದದ್ದು. ಬೆಟ್ಟದ ಬದಿಯಿಂದ ಇಳಿದುಬಂದ ಆ ಜನ ಮಂಗಳೂರನ್ನು ಹದಿಮೂರು ದಿನ ತಮ್ಮ ಕೈಯಲ್ಲಿಟ್ಟುಕೊಂಡರು. ಬ್ರಿಟಿಷರ ಕಡೆಯವರ ಬಾಯಲ್ಲಿ ಅದು "ಕಲ್ಯಾಣಪ್ಪನ ಕಾಟಕಾಯಿ", ಅಂದರೆ ಕಲ್ಯಾಣಪ್ಪನ ಲೂಟಿ, ಎಂದಾಗಿ, ಬಹುಕಾಲ ನಾವೂ ಹಾಗೆಯೇ ಕರೆದುಕೊಂಡು ಬಂದೆವು. ದಂಗೆಯ ನಾಯಕ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಇಲ್ಲಿ ಸ್ಥಾಪನೆಯಾಯಿತು. ಪ್ರತಿಮೆಯ ಜೊತೆ ಫೋಟೊ ತೆಗೆಸಿಕೊಳ್ಳುವವರಿಗೆ ಕಂದಾಯದ ಈ ಲೆಕ್ಕವನ್ನು ಎರಡು ವಾಕ್ಯಗಳಲ್ಲಾದರೂ ಹೇಳಿ.

ಅದೇ ಗುಡ್ಡೆಯ ಮೇಲಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನಮ್ಮ ಪಟ್ಟಿಗಳಲ್ಲೆಲ್ಲ ತಪ್ಪದೆ ಇರುವ ಸ್ಥಳ, ಮತ್ತು ಬಹುತೇಕ ಎಲ್ಲರೂ ಹತ್ತು ನಿಮಿಷದಲ್ಲಿ ನೋಡಿ ಮುಗಿಸುವ ಸ್ಥಳ. ಕಾಲೇಜು 1880ರಲ್ಲಿ ಆರಂಭವಾಯಿತು, ಚಾಪೆಲ್ ಕೆಲವು ವರ್ಷಗಳ ತರುವಾಯ ಎದ್ದಿತು. 1899ರಲ್ಲಿ ಇಟಲಿಯ ಬೆರ್ಗಮೊ ಪ್ರಾಂತದಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಸಹೋದರ ಇದರ ಗೋಡೆಗಳನ್ನೂ ಚಾವಣಿಯನ್ನೂ ಚಿತ್ರಗಳಿಂದ ತುಂಬಿಸಿದರು. ಗೋಡೆಯ ಮೇಲಿನವು ಫ್ರೆಸ್ಕೊ, ಅಂದರೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚುವ ಕ್ರಮ. ಗಾರೆ ಒಣಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಗಾರೆ ಬಳಿಯಬೇಕು, ತಪ್ಪಿದರೆ ಕೆರೆದು ತೆಗೆದು ಮತ್ತೆ ಬಳಿಯಬೇಕು. ಚಾವಣಿಯಲ್ಲಿ ಕ್ಯಾನ್ವಾಸಿನ ಮೇಲೆ ಬರೆದ ತೈಲಚಿತ್ರಗಳೂ ಇವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಆಷಾಢದಲ್ಲಿ ಹಪ್ಪಳವೂ ಒಣಗದ ಈ ಊರಿನಲ್ಲಿ ಇಟಲಿಯ ಆ ವಿದ್ಯೆಯನ್ನು ನಡೆಸುವುದು ಹೇಗಿತ್ತೆಂದು ಯೋಚಿಸಿದರೆ ಚಿತ್ರಗಳ ಮೇಲಿನ ಗೌರವ ಇಮ್ಮಡಿಯಾಗುತ್ತದೆ.

ಚಾವಣಿಯ ಚಿತ್ರಗಳಲ್ಲಿರುವುದು ಸಂತ ಅಲೋಶಿಯಸರ ಬದುಕು. ದೊಡ್ಡ ಮನೆತನದಲ್ಲಿ ಹುಟ್ಟಿ, ತನಗೆ ಬರಬೇಕಾಗಿದ್ದ ಪದವಿಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ರೋಮಿನಲ್ಲಿ ಪ್ಲೇಗು ತಗಲಿದವರ ಸೇವೆ ಮಾಡುತ್ತಾ 23ನೆಯ ವಯಸ್ಸಿನಲ್ಲಿ ತೀರಿಹೋದ ತರುಣ ಅವರು. ಅವರು ಹುಟ್ಟಿದ ವರ್ಷ 1568. ಕೆಳಗೆ ಬಂದರಿನಲ್ಲಿ ಪೋರ್ಚುಗೀಸರು ಊರನ್ನು ಹಿಡಿದದ್ದೂ ಅದೇ ವರ್ಷ. ಇದು ಬರಿಯ ಕಾಕತಾಳೀಯ, ಆದರೆ ಬೆಳಿಗ್ಗೆ ರೊಸಾರಿಯೊ ನೋಡಿಬಂದವರಿಗೆ ಈ ಒಂದು ಇಸವಿ ನೆನಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಬೆಂಚಿನಲ್ಲಿ ಕುಳಿತು, ಕತ್ತು ನೋಯುವವರೆಗೆ ಮೇಲೆ ನೋಡುವಂತೆ ನಿಮ್ಮ ಜೊತೆ ಬಂದವರಿಗೆ ತಿಳಿಸಿ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಮರಳಿ ಬೆರ್ಗಮೊ ನೋಡಲಿಲ್ಲ.

ಗುಡ್ಡೆಯ ಮೇಲಿನಿಂದ ಊರಿನ ಕಡೆಗೆ ತಿರುಗಿ ನೋಡಿದರೆ ಮೂವತ್ತು ವರ್ಷಗಳ ಹಿಂದೆ ತೆಂಗಿನ ತಲೆಗಳ ನಡುವೆ ಕೆಂಪು ಮಾಡುಗಳೇ ಕಾಣುತ್ತಿದ್ದವು. ಈಗ ಬಹುಮಹಡಿಗಳ ನಡುವೆ ಹುಡುಕಬೇಕು, ಆದರೆ ಹುಡುಕುವುದು ವ್ಯರ್ಥವಲ್ಲ, ಏಕೆಂದರೆ ಮಂಗಳೂರು ಜಗತ್ತಿಗೆ ಕೊಟ್ಟ ಸ್ಮಾರಕ ಆ ಹಂಚೇ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಮೊದಲ ಮೂವರು ಪಾದ್ರಿಗಳು ಇಲ್ಲಿ ಬಂದಿಳಿದದ್ದು 1834ರಲ್ಲಿ. ಮತಾಂತರಗೊಂಡವರು ತಮ್ಮ ಜಾತಿಯ ಆಸರೆಯನ್ನೂ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಉದ್ಯೋಗ ಒದಗಿಸುವ ಹೊಣೆ ಮಿಷನ್ನಿನ ಮೇಲೆ ಬಿತ್ತು. ಮೊದಲು ನೇಯ್ಗೆ, ಆಮೇಲೆ 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ. ಅದಕ್ಕೂ ಮೊದಲು ಇಲ್ಲಿಯ ಸಾಮಾನ್ಯರ ಮನೆಗಳಿಗೆ ಮುಳಿಹುಲ್ಲು ಅಥವಾ ಮಡಲು; ವರ್ಷ ವರ್ಷವೂ ಹೊದೆಸಬೇಕು, ಒಂದು ಕಿಡಿ ಬಿದ್ದರೆ ಕೇರಿಯೇ ಉರಿದುಹೋಗಬೇಕು. ಹೊಳೆದಡದ ಜೇಡಿಮಣ್ಣು, ಸಾಗಣೆಗೆ ಹೊಳೆ, ಸುಡಲು ಕಟ್ಟಿಗೆ, ಇವಿಷ್ಟೂ ಕೈಗೆಟಕುವಲ್ಲೇ ಇದ್ದವು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂತು ಬಿಗಿಯಾಗುವ, ಎಂತಹ ಮಳೆಯನ್ನೂ ಜಾರಿಸಿ ಇಳಿಸುವ ಆ ಹಂಚು ಕೆಲವೇ ದಶಕಗಳಲ್ಲಿ ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾಗಳ ಮಾಡುಗಳನ್ನು ಹತ್ತಿತು. ಊರಿನ ವರ್ತಕರೂ ಬೆನ್ನುಬೆನ್ನಿಗೆ ಕಾರ್ಖಾನೆ ತೆರೆದು ನೇತ್ರಾವತಿಯ ದಡವನ್ನು ಹೊಗೆಕೊಳವೆಗಳಿಂದ ತುಂಬಿಸಿದರು. ಮೊದಲನೆಯ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ದಿಮೆಗಳನ್ನು ವಶಕ್ಕೆ ತೆಗೆದುಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಹಂಚನ್ನು ತೋರಿಸುವುದು ಹೇಗೆ? ಹಳೆಯ ಮನೆ ಕೆಡವಿದ ಕಡೆ, ಗುಜರಿ ಅಂಗಡಿಯ ಮುಂದೆ, ಅಥವಾ ಯಾರದಾದರೂ ಹಿತ್ತಿಲ ಮೂಲೆಯಲ್ಲಿ ಪೇರಿಸಿಟ್ಟ ಹಂಚುಗಳಿರುತ್ತವೆ. ಒಂದನ್ನು ಎತ್ತಿ ಹಿಂಬದಿಯನ್ನು ತಿರುಗಿಸಿ. ಕಾರ್ಖಾನೆಯ ಹೆಸರು, ಕೆಲವೊಮ್ಮೆ 1865 ಎಂಬ ಇಸವಿ, ಆನೆಯೋ ನಕ್ಷತ್ರವೋ ಒಂದು ಗುರುತು ಅಚ್ಚೊತ್ತಿರುತ್ತದೆ. ಟಿಕೇಟಿಲ್ಲದೆ ಕೈಯಲ್ಲಿ ಹಿಡಿದು ಓದಬಹುದಾದ ಶಾಸನ ಇದು. ವಿದೇಶೀಯರೊಬ್ಬರು ಅಂತಹ ಹಂಚನ್ನು ಹಿಡಿದು ಹತ್ತು ನಿಮಿಷ ನಿಂತದ್ದನ್ನು ನಾನು ನೋಡಿದ್ದೇನೆ. ಅವರೇ ಬೆಳಿಗ್ಗೆ ಕಡಲತೀರದಲ್ಲಿ ಐದು ನಿಮಿಷ ನಿಂತಿರಲಿಲ್ಲ.

ಬಲ್ಮಠಕ್ಕೆ ಹೋದವರಿಗೆ 1862ರ ಶಾಂತಿ ಕೆಥೆಡ್ರಲನ್ನು ತೋರಿಸುತ್ತೀರಿ. ಕನ್ನಡ ಬಲ್ಲ ಪ್ರವಾಸಿಗರಿಗೆ ಅದಕ್ಕಿಂತ ದೊಡ್ಡ ವಿಷಯ ಮಿಷನ್ನಿನ ಅಚ್ಚುಕೂಟದ್ದು. 1841ರಲ್ಲಿ ಆರಂಭವಾದ ಆ ಅಚ್ಚುಕೂಟದ ಕಲ್ಲಚ್ಚಿನಲ್ಲಿ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ "ಮಂಗಳೂರ ಸಮಾಚಾರ" ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಇದೇ ಊರಿನಲ್ಲಿ ಮುದ್ರಣಗೊಂಡಿತು. ಜುಲೈ 1ರಂದು ರಾಜ್ಯದುದ್ದಕ್ಕೂ ಪತ್ರಿಕಾ ದಿನಾಚರಣೆಯ ಭಾಷಣಗಳಾಗುತ್ತವೆ. ಬಲ್ಮಠದ ದಾರಿಯಲ್ಲಿ ಹೋಗುವವರಲ್ಲಿ ಎಷ್ಟು ಜನ ತಲೆಯೆತ್ತಿ ನೋಡುತ್ತಾರೆ?

ಇನ್ನು ಕದ್ರಿ. ಸಂಜೆಯ ಬಿಸಿಲು ಇಳಿದ ಮೇಲೆ ಇಲ್ಲಿಗೆ ಬರಬೇಕು. ಮಂಜುನಾಥನ ದರ್ಶನ ಮಾಡಿ, ತೀರ್ಥದ ಕೆರೆಗಳನ್ನು ನೋಡಿ ಹಿಂದಿರುಗುವುದು ವಾಡಿಕೆ. ಅಷ್ಟಕ್ಕೇ ಹಿಂದಿರುಗಿದರೆ ಊರಿನ ಅತ್ಯಂತ ಮುಖ್ಯವಾದ ವಸ್ತುವನ್ನು ಕಾಣದೆ ಬಂದಂತೆಯೇ. ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿ ಇಲ್ಲಿದೆ, ಅದರ ಪೀಠದಲ್ಲಿ ಆಳುಪ ಅರಸು ಕುಂದವರ್ಮನ ಶಾಸನವಿದೆ. ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ ಸಂಗತಿ ಅದರಲ್ಲಿ ಹೇಳಿದೆ. ವಿಹಾರ ಎಂಬ ಪದವೂ ಲೋಕೇಶ್ವರ ಎಂಬ ಹೆಸರೂ ಬೌದ್ಧರವು, ಮಾಡಿಸಿದ ಅರಸನಾದರೋ ಶಿವಭಕ್ತ, ಪೂಜೆ ನಡೆಯುತ್ತಿರುವುದು ಶೈವ ದೇವಾಲಯದಲ್ಲಿ. ಮೇಲಿನ ಗುಡ್ಡೆಯ ಜೋಗಿಮಠ ನಾಥಪಂಥದ್ದು. 12 ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಹೊರಡುವ ನಾಥ ಸಾಧುಗಳ ತಂಡ ಕದ್ರಿಗೆ ಬಂದು, ಆರಿಸಿದವರನ್ನು ಮಠದ ಗದ್ದುಗೆಯಲ್ಲಿ ಕೂರಿಸುತ್ತದೆ. 1623ರಲ್ಲಿ ಇಲ್ಲಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಕದ್ರಿಯ ಜೋಗಿಗಳ ಅರಸನನ್ನು ಕಾಣಲೆಂದೇ ಗುಡ್ಡೆ ಹತ್ತಿ, ಆ ಭೇಟಿಯನ್ನು ತನ್ನ ಪತ್ರದಲ್ಲಿ ಬರೆದಿಟ್ಟ. ಪ್ರವಾಸಿಗರು ಕದ್ರಿಗೆ ಬರುವುದು ನಿನ್ನೆ ಮೊನ್ನೆಯ ರೂಢಿಯಲ್ಲ ಎಂದಾಯಿತು. ಮೂರ್ತಿ ಬೌದ್ಧವೋ ಶೈವವೋ ಎಂದು ಕೇಳುವವರು ಬರುತ್ತಾರೆ, ಕೆಲವರು ಜಗಳಕ್ಕೆಂದೇ ಕೇಳುತ್ತಾರೆ. ಪೀಠದಲ್ಲಿ ಬರೆದಿರುವುದನ್ನು ಇದ್ದಂತೆ ಹೇಳಿ ನಿಲ್ಲಿಸಿ. ವಿದ್ವಾಂಸರ ಚರ್ಚೆಯನ್ನು ದೇವಸ್ಥಾನದ ಅಂಗಳದಲ್ಲಿ ತೀರ್ಮಾನಿಸುವ ಕೆಲಸ ನಮ್ಮದಲ್ಲ. ಬೆಳಿಗ್ಗೆ ಧಕ್ಕೆಯಲ್ಲಿ ಕಂಚಿನ ವ್ಯಾಪಾರಿಯ ಕಥೆ ಕೇಳಿದವರು ಈ ಎರಕವನ್ನು ನೋಡಿದಾಗ ತಾವಾಗಿಯೇ ಒಂದು ಪ್ರಶ್ನೆ ಕೇಳುತ್ತಾರೆ: ಇಲ್ಲಿ ಇಷ್ಟು ಒಳ್ಳೆಯ ಕಂಚುಗಾರರು ಇದ್ದದ್ದರಿಂದಲೇ ಅವನು ಇಲ್ಲಿ ಕಾರ್ಖಾನೆ ಇಟ್ಟನೇ? ಉತ್ತರಕ್ಕೆ ದಾಖಲೆಯಿಲ್ಲ, ಆದರೆ ಪ್ರಶ್ನೆ ಹುಟ್ಟಿತಲ್ಲ, ಕ್ರಮದಲ್ಲಿ ನೋಡಿದ್ದರ ಲಾಭ ಅದು.

ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಬಿಡುವಿದ್ದರೆ ಹೋಗಿ. ಸೈನ್ಯದಲ್ಲಿ ವೈದ್ಯರಾಗಿದ್ದ ಕರ್ನಲ್ ಮಿರಾಜ್ಕರ್ ತಾಯಿಯ ನೆನಪಿಗಾಗಿ ಕೊಟ್ಟ, ಹಡಗಿನ ಆಕಾರದ ಮನೆ ಅದು, 1960ರಿಂದ ಸಂಗ್ರಹಾಲಯವಾಗಿದೆ. ಒಳಗಿನ ವಸ್ತುಗಳಿಗಿಂತ ಮನೆಯೇ ಮಕ್ಕಳಿಗೆ ಹಿಡಿಸುತ್ತದೆ.

ಕುದ್ರೋಳಿಯ ಗೋಕರ್ಣನಾಥೇಶ್ವರ ದೇವಸ್ಥಾನಕ್ಕೆ ದೀಪ ಹತ್ತಿದ ಮೇಲೆ ಹೋದರೆ ಚೆಂದ. ದೇವಸ್ಥಾನಗಳೊಳಗೆ ಪ್ರವೇಶವಿಲ್ಲದಿದ್ದ ಬಿಲ್ಲವ ಸಮುದಾಯದ ಮುಖಂಡರು ನಾರಾಯಣ ಗುರುಗಳನ್ನು ಬರಮಾಡಿಕೊಂಡು, 1912ರ ಫೆಬ್ರವರಿಯಲ್ಲಿ ಅವರ ಕೈಯಿಂದಲೇ ಇಲ್ಲಿ ಲಿಂಗಪ್ರತಿಷ್ಠೆ ಮಾಡಿಸಿದರು. 2013ರಲ್ಲಿ ಇಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಬಂಗಾರದ ಬಣ್ಣದ ಗೋಪುರವನ್ನೂ ದಸರಾದ ಬೆಳಕನ್ನೂ ಎಲ್ಲರೂ ತೋರಿಸುತ್ತಾರೆ. ಈ ಎರಡು ಇಸವಿಗಳನ್ನು ಹೇಳದೆ ತೋರಿಸಿದರೆ ಗೋಪುರದ ಬಣ್ಣವಷ್ಟೇ ಕಂಡೀತು.

ಕೊನೆಯದಾಗಿ ಬೋಳೂರಿನ ಸುಲ್ತಾನ್ ಬತ್ತೇರಿ, ಮತ್ತು ನಾನು ಆಗ ಬಾಕಿ ಇಟ್ಟ ಮಾತು. ಗುರುಪುರ ಹೊಳೆಯ ಅಂಚಿನಲ್ಲಿ ಕರಿಕಲ್ಲಿನಿಂದ ಕಟ್ಟಿದ ಸಣ್ಣ ಕಾವಲು ಬುರುಜು ಇದು. ಯುದ್ಧನೌಕೆಗಳು ಹೊಳೆಯೊಳಗೆ ನುಗ್ಗದಂತೆ ತಡೆಯಲು 1784ರಲ್ಲಿ ಟಿಪ್ಪು ಕಟ್ಟಿಸಿದ್ದು. ಕೆಳಗೆ ಸಿಡಿಮದ್ದು ಇಡುವ ನೆಲಮಾಳಿಗೆಯಿದೆ. ಹಿಂದೊಮ್ಮೆ ಧಾರವಾಡದಿಂದ ಬಂದ ಬೀಗರನ್ನು ಕರೆದುಕೊಂಡು ಹೋಗಿದ್ದಾಗ, ಬಾಡಿಗೆಗೆ ಗೊತ್ತುಮಾಡಿದ್ದ ಮಾರ್ಗದರ್ಶಿಯೊಬ್ಬರು ಆ ನೆಲಮಾಳಿಗೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿದೆಯೆಂದೂ ಟಿಪ್ಪು ಅದರಲ್ಲಿ ಕುದುರೆಯ ಮೇಲೆ ಬರುತ್ತಿದ್ದನೆಂದೂ ಗಂಭೀರವಾಗಿ ಹೇಳಿದರು. ನಡುವೆ ಪಶ್ಚಿಮಘಟ್ಟವಿದೆ, ದಾರಿ 200 ಕಿಲೋಮೀಟರಿಗೂ ಮಿಕ್ಕಿದ್ದು. ಬೀಗರು ಮರುಮಾತಾಡದೆ ನಂಬಿದರು, ನನಗೆ ನಾಚಿಕೆಯಾಯಿತು.

ಸುರಂಗವನ್ನು ಕಟ್ಟಿ ಹೇಳುವ ಅಗತ್ಯವೇ ಇಲ್ಲ, ಏಕೆಂದರೆ 1784 ಎಂಬ ಒಂದೇ ವರ್ಷದಲ್ಲಿ ಈ ಊರಿಗೆ ಆದದ್ದು ಯಾವ ಕಟ್ಟುಕಥೆಗಿಂತಲೂ ಹೆಚ್ಚು. ಹಿಂದಿನ ವರ್ಷದಿಂದ ಮುತ್ತಿಗೆಯಲ್ಲಿದ್ದ ಮಂಗಳೂರಿನ ಕೋಟೆ ಆ ವರ್ಷದ ಆರಂಭದಲ್ಲಿ ಬ್ರಿಟಿಷರ ಕೈತಪ್ಪಿತು. ಮಾರ್ಚ್ 11ರಂದು ಇಲ್ಲಿಯೇ ಒಪ್ಪಂದಕ್ಕೆ ಸಹಿ ಬಿದ್ದು ಎರಡನೆಯ ಮೈಸೂರು ಯುದ್ಧ ನಿಂತಿತು. ಬ್ರಿಟಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ಕೆನರಾದ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದೂ ಆ ವರ್ಷವೇ, 1680ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಇಗರ್ಜಿ ನೆಲಸಮವಾದದ್ದೂ ಆ ವರ್ಷವೇ. ಆ ಇಗರ್ಜಿ ಮತ್ತೆ ಎದ್ದದ್ದು 1811ರಲ್ಲಿ. ಬುರುಜು ಕಟ್ಟಿದ್ದು, ಇಗರ್ಜಿ ಬಿದ್ದದ್ದು, ಸಾಮ್ರಾಜ್ಯವೊಂದು ಒಪ್ಪಂದಕ್ಕೆ ಬಗ್ಗಿದ್ದು, ಈ ಮೂರನ್ನೂ ಒಟ್ಟಿಗೆ ಹೇಳಿ. ಕೇಳುವವರ ಮತ ನೋಡಿಕೊಂಡು ಒಂದನ್ನು ಹೇಳಿ ಇನ್ನೊಂದನ್ನು ಮರೆಸುವ ಅಭ್ಯಾಸ ಮಾರ್ಗದರ್ಶಿಗೆ ಅಂಟಬಾರದು.

ಬತ್ತೇರಿಯ ಬದಿಯಿಂದ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ಮೇಲೆ ಹೇಳಿದ ಇಡೀ ದಾರಿಯನ್ನು ನಡೆದೇ ಮುಗಿಸಲು ಎಲ್ಲರಿಗೂ ಆಗದು. ಬಂದರಿನಿಂದ ಬಾವುಟಗುಡ್ಡೆಯವರೆಗೆ ಕಾಲ್ನಡಿಗೆ, ಮುಂದಕ್ಕೆ ಸಿಟಿ ಬಸ್ಸು ಅಥವಾ ರಿಕ್ಷಾ ಸಾಕು. ನಡುವೆ ಹೊಟ್ಟೆಗೆ ಬನ್ಸ್ ಅಥವಾ ಗೋಳಿಬಜೆ ಬೀಳದಿದ್ದರೆ ಚಾಪೆಲ್ಲಿನ ಬೆಂಚಿನಲ್ಲಿ ನಿದ್ದೆ ಬರುವುದು ಖಂಡಿತ. ನಾಳೆ ನಿಮ್ಮಲ್ಲಿ ನನ್ನೊಡನೆ ನಡೆಯಲು ಹೆಸರು ಕೊಟ್ಟವರು ಬೆಳಿಗ್ಗೆ 6 ಗಂಟೆಗೆ ಸರಿಯಾಗಿ ಧಕ್ಕೆಯ ಬಾಗಿಲಿನಲ್ಲಿ ಇರಬೇಕು. ಏಲದ ನೆಲ ನೀರು ಮಂಜುಗಡ್ಡೆಗಳಿಂದ ಜಾರುತ್ತದೆ, ಆದ್ದರಿಂದ ಒಳ್ಳೆಯ ಚಪ್ಪಲಿ ಹಾಕಬೇಡಿ, ರಬ್ಬರಿನದು ಹಾಕಿ ಬನ್ನಿ. ನಮಸ್ಕಾರ.